ಪಿ. ಬಿ. ಶ್ರೀನಿವಾಸ್ ಮತ್ತು ಹಿನ್ನೆಲೆಗಾಯನದ ಕಲೆ

ಚಲಚ್ಚಿತ್ರದ ನಾಯಕನು ಹಾಡುವಾಗ ತುಟಿ ಒಬ್ಬರದು, ಕಂಠ ಇನ್ನೊಬ್ಬರದು ಎಂಬುದು ಈಗ ಸಣ್ಣ ಮಕ್ಕಳಿಗೂ ತಿಳಿದಿರುವ ಸಂಗತಿ. ಆದರೂ ನಮ್ಮ ಹಿರೇನಲ್ಲೂರಿನ ಕಡೆಯ ಹಿರಿಯರನ್ನು ಕೂರಿಸಿಕೊಂಡು, ಹಳೆಯ ಕನ್ನಡ ಚಿತ್ರವೊಂದರ ಭಕ್ತಿಗೀತೆಯನ್ನು ಕೇಳಿಸಿ, ಹಾಡಿದವರು ಯಾರೆಂದು ಕೇಳಿ ನೋಡಿರಿ. ಹತ್ತರಲ್ಲಿ ಏಳೆಂಟು ಮಂದಿ ಹಿಂದುಮುಂದು ನೋಡದೆ “ಇನ್ಯಾರು, ರಾಜಕುಮಾರ್ ಅವರು” ಎಂದೇ ಹೇಳುವರು. ನಮ್ಮ ಮನೆಯಲ್ಲಿ ನನ್ನ ಅಜ್ಜಿಯೊಡನೆ ಈ ವಿಷಯವಾಗಿ ನಾನು ಅನೇಕ ಸಲ ವಾದಿಸಿದ್ದೇನೆ. “ಅಲ್ಲ ಅಜ್ಜಿ, ಹಾಡಿದವರು ಪಿ. ಬಿ. ಶ್ರೀನಿವಾಸ್ ಎಂಬವರು, ಆಂಧ್ರದವರು” ಎಂದರೆ, “ಸುಮ್ಮನಿರೋ, ನಾನು ಕಣ್ಣಾರೆ ಕಂಡಿದ್ದೀನಿ, ಹಾಡುವಾಗ ಅವರ ಗಂಟಲ ನರ ಉಬ್ಬಿರಲಿಲ್ವಾ?” ಎಂದು ಅವರು ನನ್ನ ಬಾಯಿ ಮುಚ್ಚಿಸುತ್ತಾರೆ. ನಾನು ವಾದದಲ್ಲಿ ಗೆದ್ದದ್ದಿಲ್ಲ. ಗೆಲ್ಲಬೇಕೆಂಬ ಆಸೆಯೂ ಈಗ ಉಳಿದಿಲ್ಲ. ಏಕೆಂದರೆ ಅಜ್ಜಿಯ ಆ ಉತ್ತರಕ್ಕಿಂತ ದೊಡ್ಡ ಪ್ರಶಸ್ತಿ ಹಿನ್ನೆಲೆಗಾಯಕನಿಗೆ ಮತ್ತೊಂದು ಇರಲಾರದು. ತಾನು ಅಲ್ಲಿದ್ದೇನೆಂಬುದು ಕೇಳುವವರಿಗೆ ತಿಳಿಯದಂತೆ ಹಾಡುವುದೇ ಈ ವಿಚಿತ್ರ ಉದ್ಯೋಗದ ಗುರಿ. ಶ್ರೀನಿವಾಸ್ ಅವರು ಆ ಗುರಿಯನ್ನು ಕನ್ನಡದಲ್ಲಿ ಎಷ್ಟು ಪೂರ್ಣವಾಗಿ ಮುಟ್ಟಿದರೆಂದರೆ, ಅವರ ಹೆಸರೇ ಬಹುಮಟ್ಟಿಗೆ ಮರೆಯಾಯಿತು. ಅವರ ಜೀವನವನ್ನೂ ಅವರ ಕಲೆಯ ಮರ್ಮವನ್ನೂ ನಮ್ಮ ಕಾಲೇಜಿನ ಮಿತ್ರರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲಿಗೆ ಹಿನ್ನೆಲೆಗಾಯನವೆಂಬುದು ಹೇಗೆ ಹುಟ್ಟಿತೆಂಬುದನ್ನು ಹೇಳಬೇಕು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ನಟನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಿದರು. ಎಂ. ವಿ. ಸುಬ್ಬಯ್ಯನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾವ್ ಎಲ್ಲರೂ ರಂಗಭೂಮಿಯಿಂದ ಬಂದವರು. ಹಾಡಲು ಬಾರದವನು ನಟನೇ ಅಲ್ಲವೆಂದು ಎಣಿಸುತ್ತಿದ್ದ ಕಾಲವದು. ಚಿತ್ರೀಕರಣ ನಡೆಯುವಾಗಲೇ ಹಾಡೂ ಮುದ್ರಿತವಾಗಬೇಕಾಗಿತ್ತು. ವಾದ್ಯಗಾರರು ಛಾಯಾಗ್ರಾಹಕನ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ನುಡಿಸುತ್ತಿದ್ದರು. ಮರುವರ್ಷ, ಎಂದರೆ 1935ರಲ್ಲಿ, ಕಲ್ಕತ್ತೆಯ ನ್ಯೂ ಥಿಯೇಟರ್ಸ್‌ನವರು ನಿತಿನ್ ಬೋಸರ ನಿರ್ದೇಶನದ ‘ಧೂಪ್ ಛಾಂವ್’ ಎಂಬ ಹಿಂದಿ ಚಿತ್ರದಲ್ಲಿ ಹಾಡನ್ನು ಮೊದಲೇ ಮುದ್ರಿಸಿಕೊಂಡು, ಆಮೇಲೆ ಅದಕ್ಕೆ ತಕ್ಕಂತೆ ಅಭಿನಯವನ್ನು ಚಿತ್ರಿಸಿದರು. ರಾಯಚಂದ್ ಬೋರಾಲ್ ಅವರು ಅದರ ಸಂಗೀತ ನಿರ್ದೇಶಕರು. ನಮ್ಮ ದೇಶದಲ್ಲಿ ಹಿನ್ನೆಲೆಗಾಯನಕ್ಕೆ ಅಲ್ಲಿಂದಲೇ ಪ್ರಾರಂಭವೆಂದು ಹೇಳುವರು.

ಈ ಪದ್ಧತಿಯು ಬೇರೂರಿದ ಮೇಲೆ ಹಾಡು ಸಿದ್ಧವಾಗುತ್ತಿದ್ದ ಕ್ರಮವನ್ನು ತಿಳಿದರೆ ಆ ಕಾಲದ ಗಾಯಕರ ಶ್ರಮ ಎಷ್ಟೆಂಬುದು ಮನಸ್ಸಿಗೆ ಬರುವುದು. ಈಗಿನಂತೆ ವಾದ್ಯಗಳನ್ನು ಒಂದು ದಿನ, ಕಂಠವನ್ನು ಇನ್ನೊಂದು ದಿನ, ಒಂದೊಂದು ಸಾಲನ್ನು ಒಂದೊಂದು ಸಲ ಮುದ್ರಿಸಿ ಜೋಡಿಸುವ ಅನುಕೂಲ ಆಗ ಇರಲಿಲ್ಲ. ಪಿಟೀಲಿನವರು, ಕೊಳಲಿನವರು, ತಬಲದವರು, ಗಾಯಕರು ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಹಾಡನ್ನು ಮೊದಲಿನಿಂದ ಕೊನೆಯವರೆಗೆ ಏಕಪ್ರಕಾರವಾಗಿ ನಡೆಸಬೇಕು. ಕೊನೆಯ ಚರಣದಲ್ಲಿ ಯಾರಾದರೊಬ್ಬರ ಬೆರಳು ಜಾರಿದರೂ ಪಲ್ಲವಿಯಿಂದ ಪುನಃ ಪ್ರಾರಂಭ. ಅದು ಮುಗಿದು ಎಷ್ಟೋ ದಿನಗಳಾದ ಮೇಲೆ ಚಿತ್ರೀಕರಣದ ಸ್ಥಳದಲ್ಲಿ ಆ ಹಾಡನ್ನು ಧ್ವನಿವರ್ಧಕದಲ್ಲಿ ಹಾಕುತ್ತಾರೆ. ನಟನು ಅದರೊಡನೆ ತುಟಿಯನ್ನೂ ಉಸಿರನ್ನೂ ಹೊಂದಿಸಿಕೊಳ್ಳುತ್ತಾನೆ. ಆದುದರಿಂದ ಗಾಯಕನು ಹಾಡುವಾಗ ಅವನ ಕಣ್ಣ ಮುಂದೆ ದೃಶ್ಯವಿಲ್ಲ, ವೇಷವಿಲ್ಲ, ಜೊತೆಯ ಪಾತ್ರವೂ ಇಲ್ಲ. ನಾಯಕನು ದೇವರ ಮುಂದೆ ಕಣ್ಣೀರಿಡುವನೋ, ಮಗುವನ್ನು ತೂಗುವನೋ, ಇಬ್ಬನಿಯಲ್ಲಿ ನಡೆದು ಹೋಗುವನೋ, ಅದನ್ನೆಲ್ಲ ಸಂಗೀತ ನಿರ್ದೇಶಕನ ನಾಲ್ಕು ಮಾತುಗಳಿಂದ ಊಹಿಸಿಕೊಂಡು, ಕಂಬಳಿ ಹೊದ್ದಂಥ ಗೋಡೆಗಳ ನಡುವೆ ನಿಂತು ಹಾಡಬೇಕು.

ಪ್ರತಿವಾದಿ ಭಯಂಕರ ಶ್ರೀನಿವಾಸ್ ಅವರು ಹುಟ್ಟಿದ್ದು 1930ನೆಯ ಇಸವಿ ಸೆಪ್ಟೆಂಬರ್ 22ರಂದು, ಆಂಧ್ರದ ಕಾಕಿನಾಡದಲ್ಲಿ. ‘ಪಿ. ಬಿ.’ ಎಂಬೆರಡು ಅಕ್ಷರಗಳ ಹಿಂದೆ ಇರುವ ಪ್ರತಿವಾದಿ ಭಯಂಕರವೆಂಬುದು ಒಂದು ಶ್ರೀವೈಷ್ಣವ ವಂಶದ ಬಿರುದು. ಎದುರಾಳಿ ವಾದಿಗಳಿಗೆ ಭಯವನ್ನು ಹುಟ್ಟಿಸುವವನೆಂದು ಅದರ ಅರ್ಥ. ಬೆಳಗಿನ ಜಾವ ದೇವಸ್ಥಾನಗಳಿಂದ ನಮ್ಮ ಕಿವಿಗೆ ಬೀಳುವ ವೆಂಕಟೇಶ ಸುಪ್ರಭಾತವನ್ನು ರಚಿಸಿದ ಅಣ್ಣಂಗರಾಚಾರ್ಯರಿಗೂ ಇದೇ ಬಿರುದು ಇತ್ತು. ಇಂಥ ಗುಡುಗಿನ ಹೆಸರನ್ನು ಹೊತ್ತವರ ಕಂಠವು ದಕ್ಷಿಣದ ಚಿತ್ರರಂಗದಲ್ಲೆಲ್ಲ ಅತ್ಯಂತ ಮೃದುವಾದ ಕಂಠವಾಯಿತೆಂಬುದನ್ನು ನೆನೆದರೆ ನಗು ಬರುತ್ತದೆ.

ತಂದೆಯವರಿಗೆ ಮಗನು ಸರಕಾರಿ ಉದ್ಯೋಗಕ್ಕೆ ಸೇರಲೆಂಬ ಆಸೆಯಿತ್ತು. ಶ್ರೀನಿವಾಸ್ ಬಿ. ಕಾಂ. ಓದಿದರು, ಹಿಂದಿ ಪರೀಕ್ಷೆಗಳನ್ನೂ ಮಾಡಿಕೊಂಡರು. ಆದರೆ ಮನಸ್ಸೆಲ್ಲ ಹಾಡಿನ ಕಡೆಗೆ. ಜ್ಯೋತಿಷಿಯೊಬ್ಬರು ಅವರ ಜಾತಕವನ್ನು ನೋಡಿ, ಈ ಹುಡುಗನಿಗೆ ಸಂಗೀತದಲ್ಲಿ ಏಳಿಗೆಯಿಲ್ಲವೆಂದು ಹೇಳಿದ ಕಥೆ ಪ್ರಸಿದ್ಧವಾಗಿದೆ. ಹುಡುಗನು ಜಾತಕವನ್ನು ನಂಬದೆ ತನ್ನ ಕಂಠವನ್ನು ನಂಬಿದನು. ಮದರಾಸಿನ ಜೆಮಿನಿ ಸ್ಟುಡಿಯೋದಲ್ಲಿದ್ದ ಪ್ರಖ್ಯಾತ ವೈಣಿಕ ಈಮನಿ ಶಂಕರಶಾಸ್ತ್ರಿಗಳ ಆಸರೆ ದೊರಕಿ, 1952ರ ‘ಮಿಸ್ಟರ್ ಸಂಪತ್’ ಎಂಬ ಹಿಂದಿ ಚಿತ್ರದಲ್ಲಿ ಹಾಡುವ ಮೊದಲ ಅವಕಾಶ ಬಂತು. ಆ ಚಿತ್ರದ ಕಥೆಯು ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಅವರ ಕಾದಂಬರಿಯಿಂದ ಬಂದುದು. ಮರುವರ್ಷ, 1953ರಲ್ಲಿ, ಅವರು ಕನ್ನಡಕ್ಕೆ ಬಂದರು. ಚಿತ್ರವನ್ನು ನಿರ್ದೇಶಿಸಿದವರು ‘ಸತಿ ಸುಲೋಚನಾ’ದ ಆರ್. ನಾಗೇಂದ್ರರಾಯರೇ. ಚಿತ್ರದ ಹೆಸರು ‘ಜಾತಕಫಲ’! ಜ್ಯೋತಿಷಿಯ ಮಾತನ್ನು ಮೀರಿ ಬಂದವನಿಗೆ ಕನ್ನಡವು ಇಂಥ ಹೆಸರಿನ ಬಾಗಿಲನ್ನು ತೆರೆದುದು ಕಾಕತಾಳೀಯವಾದರೂ ಸೊಗಸಾಗಿದೆ.

ಇಲ್ಲಿ ವಾಚಕರಿಗೆ ಒಂದು ಸಂದೇಹ ಬರಬಹುದು. ಕನ್ನಡ ಚಿತ್ರಕ್ಕೆ ಹಾಡಲು ಕಾಕಿನಾಡದವರೇ ಏಕೆ ಬೇಕಾಯಿತು? ಆಗ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವು ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೋಗಳಲ್ಲಿ. ತಮಿಳು, ತೆಲುಗು, ಕನ್ನಡ, ಮಲಯಾಳ ನಾಲ್ಕೂ ಭಾಷೆಗಳವರು ಒಂದೇ ಊರಿನ ಅದೇ ಕೆಲವು ಸ್ಟುಡಿಯೋಗಳಲ್ಲಿ ದುಡಿಯುತ್ತಿದ್ದರು. ಬೆಳಿಗ್ಗೆ ತಮಿಳಿಗೆ ನುಡಿಸಿದ ವಾದ್ಯವೃಂದವೇ ಮಧ್ಯಾಹ್ನ ಕನ್ನಡಕ್ಕೂ ನುಡಿಸುತ್ತಿತ್ತು. ಗಾಯಕರ ವಿಷಯವೂ ಹಾಗೆಯೇ. ಕನ್ನಡದಲ್ಲಿ ಸಾವಿರಾರು ಹಾಡುಗಳನ್ನು ಹಾಡಿದ ಎಸ್. ಜಾನಕಿ, ಪಿ. ಸುಶೀಲ ಇವರೂ ತೆಲುಗರೇ ಅಲ್ಲವೇ. ಇದನ್ನು ಕನ್ನಡದ ದಾರಿದ್ರ್ಯವೆಂದು ಕೆಲವರು ಹಳಿಯುವುದುಂಟು. ನನಗೆ ಹಾಗೆನ್ನಿಸುವುದಿಲ್ಲ. ಬಾಡಿಗೆಗೆ ಬಂದು ಹಾಡಿ ಹೋದವರು ಬೇರೆ, ಕನ್ನಡವನ್ನು ಕಲಿತು ಹಾಡಿದವರು ಬೇರೆ. ಶ್ರೀನಿವಾಸ್ ಅವರು ಎರಡನೆಯ ಪಂಕ್ತಿಗೆ ಸೇರಿದವರು. ಕನ್ನಡವನ್ನು ಓದಲು ಬರೆಯಲು ಕಲಿತು, ಕನ್ನಡದಲ್ಲಿ ಕವಿತೆಗಳನ್ನೂ ಬರೆದರು. ತೆಲುಗು, ತಮಿಳು, ಕನ್ನಡ, ಮಲಯಾಳ, ಸಂಸ್ಕೃತ, ಹಿಂದಿ, ಉರ್ದು, ಇಂಗ್ಲಿಷ್ ಎಂಬ ಎಂಟು ಭಾಷೆಗಳಲ್ಲಿ ಕವಿತೆ ಕಟ್ಟಬಲ್ಲವರಾಗಿದ್ದರು.

ಇದರ ಫಲವನ್ನು ಅವರ ಉಚ್ಚಾರಣೆಯಲ್ಲಿ ಕೇಳಬಹುದು. ಲಕಾರಕ್ಕೂ ಳಕಾರಕ್ಕೂ ಇರುವ ಭೇದ, ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಅವರ ಹಾಡಿನಲ್ಲಿ ಎಲ್ಲಿಯೂ ಕಲಸಿಹೋಗುವುದಿಲ್ಲ. ತೆಲುಗಿನಲ್ಲಿ ಚಕಾರ ಜಕಾರಗಳನ್ನು ಕೆಲವು ಕಡೆ ಹಲ್ಲಿನ ಮೇಲೆ ನಾಲಗೆಯಿಟ್ಟು ನುಡಿಯುವ ರೂಢಿಯಿದೆ. ತೆಲುಗಿನಿಂದ ಬಂದವರಿಗೆ ಕನ್ನಡ ಹಾಡುವಾಗ ತೊಡಕಾಗುವುದು ಸಾಮಾನ್ಯವಾಗಿ ಇಲ್ಲಿಯೇ. ಶ್ರೀನಿವಾಸ್ ಅವರ ಹಾಡಿನಲ್ಲಿ ಆ ತೊಡಕು ಕಾಣಿಸದು. ಅವರ ಕನ್ನಡದಲ್ಲಿ ಪರಊರಿನ ವಾಸನೆ ಇದ್ದಿದ್ದರೆ ನನ್ನ ಅಜ್ಜಿಯಂಥವರ ಕಿವಿಗೆ ಅದು ಮೊದಲ ದಿನವೇ ಬಡಿಯುತ್ತಿತ್ತು.

ಇನ್ನು ಮುಖ್ಯ ಸಂಗತಿ. ರಾಜಕುಮಾರ್ ಅವರು ಹಾಡಲು ಬಾರದ ನಟರಾಗಿರಲಿಲ್ಲ. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗಭೂಮಿಯ ನಟರು. ಮಗನೂ ಬಾಲ್ಯದಲ್ಲಿಯೇ ಗುಬ್ಬಿ ಕಂಪನಿಯನ್ನು ಸೇರಿ ಹಾಡಿ ಬೆಳೆದವರು. 1956ರ ‘ಓಹಿಲೇಶ್ವರ’ದಲ್ಲಿ ಅವರು ಸ್ವತಃ ಹಾಡಿದರು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಯುಗಳಗೀತೆಯನ್ನೂ ಹಾಡಿದರು. ಹಾಗಿರುವಾಗ, ಅಲ್ಲಿಂದ ಮುಂದೆ ಸುಮಾರು ಹದಿನೈದು ವರ್ಷಗಳ ಕಾಲ ಅವರ ಹಾಡುಗಳಲ್ಲಿ ಬಹುಪಾಲು ಶ್ರೀನಿವಾಸ್ ಅವರ ಪಾಲಿಗೆ ಬಂದುದು ಹೇಗೆ?

ನನಗೆ ತೋರುವ ಕಾರಣವು ಧ್ವನಿಗ್ರಾಹಕ ಯಂತ್ರಕ್ಕೆ, ಎಂದರೆ ನಾವು ಮೈಕು ಎನ್ನುವುದಕ್ಕೆ, ಸಂಬಂಧಿಸಿದ್ದು. ಕಂಪನಿ ನಾಟಕಗಳಲ್ಲಿ ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ಕುಳಿತವನಿಗೂ ಹಾಡು ಮುಟ್ಟಬೇಕಾಗಿತ್ತು. ಆದುದರಿಂದ ನಟರು ಎತ್ತರದ ಶ್ರುತಿಯಲ್ಲಿ, ಎದೆಯ ಬಲವನ್ನೆಲ್ಲ ಹಾಕಿ ಹಾಡುವುದನ್ನು ರೂಢಿಸಿಕೊಂಡಿದ್ದರು. ಸಿನಿಮಾದ ಮೊದಲ ಹಾಡುಗಳೂ ಇದೇ ರೀತಿಯವು. ಆದರೆ ಮೈಕಿನ ಮುಂದೆ ಕೂಗುವ ಅವಶ್ಯಕತೆಯಿಲ್ಲ. ಮೆಲ್ಲಗೆ ಆಡಿದ ಮಾತನ್ನೂ, ಎಳೆದುಕೊಂಡ ಉಸಿರನ್ನೂ ಅದು ಹಿಡಿಯುವುದು. ತೆರೆಯ ಮೇಲೆ ನಟನ ಮುಖವು ಹತ್ತಿರಕ್ಕೆ ಬಂದಂತೆ, ಕಂಠವೂ ಹತ್ತಿರಕ್ಕೆ ಬರಬೇಕಾಯಿತು. ಶ್ರೀನಿವಾಸ್ ಅವರದು ತಗ್ಗಿನ ಶ್ರುತಿಯ ಕಂಠ. ಮಂದ್ರಸ್ಥಾಯಿಯಲ್ಲಿ ಅದಕ್ಕೊಂದು ತುಂಬಿದ ಗುಂಭವಿತ್ತು. ಮೇಲಿನ ಸ್ವರಗಳಿಗೆ ಹೋದಾಗಲೂ ಅದು ಚುಚ್ಚುತ್ತಿರಲಿಲ್ಲ. ಸಭೆಯನ್ನು ಉದ್ದೇಶಿಸಿ ಹಾಡುವವರ ಕಂಠವಲ್ಲ ಅದು, ಪಕ್ಕದಲ್ಲಿ ಕುಳಿತವನಿಗೆ ಹೇಳುವವರ ಕಂಠ. ದೊಡ್ಡ ದನಿಯಲ್ಲಿ ಸಂಭಾಷಣೆಯನ್ನು ಆಡಿ ಮುಗಿಸಿದ ರಾಜಕುಮಾರ್ ಅವರು ಹಾಡಿಗೆ ಬಂದಾಗ ಇದ್ದಕ್ಕಿದ್ದಂತೆ ಒಳಮುಖವಾದಂತೆ ತೋರುತ್ತಿದ್ದುದು ಈ ಕಂಠದಿಂದ.

ಇದು ಮೊದಲು ಸಂಪೂರ್ಣವಾಗಿ ಸಿದ್ಧಿಸಿದುದು 1960ರ ‘ಭಕ್ತ ಕನಕದಾಸ’ದಲ್ಲಿ. ನಿರ್ದೇಶಕರು ವೈ. ಆರ್. ಸ್ವಾಮಿ, ಸಂಗೀತ ಎಂ. ವೆಂಕಟರಾಜು ಅವರದು. ಉಡುಪಿಯ ಕನಕನ ಕಿಂಡಿಯ ಪ್ರಸಂಗದಲ್ಲಿ ಬರುವ ಕೀರ್ತನೆಯನ್ನು ಕೇಳಿ ನೋಡಿರಿ. ಒಳಕ್ಕೆ ಬಿಡದೆ ಹೊರಗೆ ನಿಲ್ಲಿಸಿದ ಭಕ್ತನ ಮೊರೆ ಅದು. ರಂಗಭೂಮಿಯ ರೀತಿಯಲ್ಲಿ ಹಾಡಿದ್ದರೆ ಅದೊಂದು ಆರ್ಭಟವಾಗುತ್ತಿತ್ತು, ದೇವರಿಗಿಂತ ಮೊದಲು ಪೂಜಾರಿಗಳನ್ನು ಎಬ್ಬಿಸುತ್ತಿತ್ತು. ಶ್ರೀನಿವಾಸ್ ಅದನ್ನು ಬಾಗಿಲಿನ ಮರಕ್ಕೆ ತುಟಿಯಿಟ್ಟು ಹೇಳುವವನಂತೆ ಹಾಡಿದ್ದಾರೆ. ಕೀರ್ತನೆಗಳನ್ನು ಭಜನೆಯ ಮನೆಗಳಲ್ಲಿ ತಾಳ ಹಾಕಿಕೊಂಡು ಹಾಡುತ್ತಿದ್ದ ನಮ್ಮ ಹಳ್ಳಿಗಳವರು ಆ ಮಟ್ಟುಗಳನ್ನು ಬಿಟ್ಟು ಈ ಸಿನಿಮಾ ಮಟ್ಟುಗಳನ್ನೇ ಹಾಡತೊಡಗಿದುದು ಇದರ ಮೇಲೆಯೇ. ಹಳೆಯ ಮಟ್ಟುಗಳು ಇದರಿಂದ ಕಳೆದುಹೋದವೆಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ಅದಕ್ಕೆ ಉತ್ತರವನ್ನು ನಾನು ಕೊಡಲಾರೆ.

1964ರ ‘ನಾಂದಿ’ಯನ್ನು ನಾನು ಇನ್ನೂ ಮೇಲಿನದೆಂದು ಎಣಿಸುತ್ತೇನೆ. ಎನ್. ಲಕ್ಷ್ಮೀನಾರಾಯಣ್ ಅವರು ನಿರ್ದೇಶಿಸಿದ ಈ ಚಿತ್ರವು ಕಿವಿ ಕೇಳದ, ಮಾತು ಬಾರದವರ ಬಾಳನ್ನು ಕುರಿತದ್ದು. ಅದರಲ್ಲಿ ತಂದೆಯು ಮಗುವಿಗೆ ಹಾಡುವ ಒಂದು ಹಾಡಿದೆ. ರಚನೆ ಆರ್. ಎನ್. ಜಯಗೋಪಾಲ್ ಅವರದು, ಸಂಗೀತ ವಿಜಯಭಾಸ್ಕರ್ ಅವರದು. ಶಬ್ದವೇ ಮುಟ್ಟದ ಮನೆಯೊಂದರಲ್ಲಿ ಹಾಡು ಎಂದರೇನು? ಗಾಯಕನು ಇಲ್ಲಿ ತನ್ನ ವಿದ್ವತ್ತನ್ನು ಸ್ವಲ್ಪ ತೋರಿಸಿದ್ದರೂ ಸನ್ನಿವೇಶ ಕೆಟ್ಟುಹೋಗುತ್ತಿತ್ತು. ಶ್ರೀನಿವಾಸ್ ಅವರು ಸಂಗತಿಗಳನ್ನು ಹಾಕುವುದಿಲ್ಲ, ದನಿಯನ್ನು ಏರಿಸುವುದಿಲ್ಲ, ಕರುಣೆಗಾಗಿ ಗದ್ಗದವನ್ನೂ ತರುವುದಿಲ್ಲ. ಸಂಗೀತಗಾರನಲ್ಲದ ಒಬ್ಬ ತಂದೆ ಹೇಗೆ ಹಾಡುವನೋ ಹಾಗೆ, ಆದರೆ ಶ್ರುತಿ ಎಲ್ಲಿಯೂ ಕದಲದಂತೆ, ಹಾಡುತ್ತಾರೆ. ಹೀಗೆ ಹಾಡುವುದು ಸುಲಭವೆಂದು ತೋರುವುದು. ನಮ್ಮ ಕಾಲೇಜಿನ ಗಾಯನಸ್ಪರ್ಧೆಗಳಲ್ಲಿ ಇವರ ಹಾಡುಗಳನ್ನು ಆರಿಸಿಕೊಂಡವರು ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಅದು ಎಷ್ಟು ಸುಲಭವೆಂಬುದನ್ನು ಅರಿತುಕೊಳ್ಳುತ್ತಾರೆ.

ಅವರು ಭಕ್ತಿಗೀತೆಗಳಿಗೆ ಮಾತ್ರ ಮೀಸಲಾಗಿದ್ದರೆಂದು ಯಾರೂ ಭಾವಿಸಬಾರದು. 1963ರ ‘ಕನ್ಯಾರತ್ನ’ದಲ್ಲಿ ಜಿ. ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಹಾಡಿದ ಶೃಂಗಾರಗೀತೆಯು ಇಂದಿಗೂ ಮದುವೆಯ ಮನೆಗಳಲ್ಲಿ ಕೇಳಿಬರುತ್ತದೆ. 1966ರ ‘ಮಂತ್ರಾಲಯ ಮಹಾತ್ಮೆ’ಯಲ್ಲಿ ರಾಜನ್–ನಾಗೇಂದ್ರ ಸಹೋದರರ ಸಂಗೀತ, 1971ರ ‘ಕಸ್ತೂರಿ ನಿವಾಸ’ದಲ್ಲಿ ವೆಂಕಟೇಶರ ಸಂಗೀತ. 1972ರ ‘ನಾಗರಹಾವು’ ಚಿತ್ರದಲ್ಲಿ ಹೊಸ ನಟ ವಿಷ್ಣುವರ್ಧನರಿಗೂ ಹಾಡಿದರು. ಅದೇ ವರ್ಷ ಬಂದ ‘ಬಂಗಾರದ ಮನುಷ್ಯ’ದ ಮಾತನ್ನು ನಮ್ಮ ಸೀಮೆಯವನಾದ ನಾನು ಬಿಡುವಂತಿಲ್ಲ. ಸಿದ್ಧಲಿಂಗಯ್ಯನವರು ನಿರ್ದೇಶಿಸಿದ, ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಾಯಕನು ಬರಡು ನೆಲವನ್ನು ಅಗೆದು ಬೆಳೆ ತೆಗೆಯುವವನು. ಕಡೂರಿನ ಬಯಲು ಎಂತಹದೆಂಬುದನ್ನು ಮಲೆನಾಡಿನ ಕಡೆಯ ನನ್ನ ಸಹಪಾಠಿಗಳಿಗೆ ಹೇಳಿದರೆ ಅವರು ನಂಬುವುದಿಲ್ಲ. ಒಂದೇ ಜಿಲ್ಲೆ, ಅವರ ಊರಿನಲ್ಲಿ ಮಳೆ ನಿಂತರೆ ಸಾಕೆನ್ನುವರು, ನಮ್ಮಲ್ಲಿ ಬಂದರೆ ಸಾಕೆನ್ನುವರು. ಇಂಥ ನೆಲದಲ್ಲಿ, ಕೈಲಾಗದೆಂದು ಕುಳಿತವನನ್ನು ಎಬ್ಬಿಸುವ ಆ ಚಿತ್ರದ ಹಾಡು ಬರಿಯ ಸಿನಿಮಾ ಹಾಡಾಗಿ ಉಳಿಯಲಿಲ್ಲ. ಪಟ್ಟಣದ ಕೆಲಸವನ್ನು ಬಿಟ್ಟು ಹಳ್ಳಿಗೆ ಮರಳಿದ ತರುಣರ ಕಥೆಗಳನ್ನು ಆ ಕಾಲದವರು ಈಗಲೂ ಹೇಳುವರು. ಆ ಹಾಡಿನಲ್ಲಿಯೂ ಶ್ರೀನಿವಾಸ್ ಅವರು ಉಪದೇಶಕನ ದನಿಯನ್ನು ತರಲಿಲ್ಲ. ಹೊಲದ ಬದುವಿನ ಮೇಲೆ ಕುಳಿತ ಅಣ್ಣನ ದನಿ ಅದು.

ಕನ್ನಡದ ಹೊರಗೂ ಅವರ ಕೀರ್ತಿ ದೊಡ್ಡದು. ತಮಿಳಿನಲ್ಲಿ ಜೆಮಿನಿ ಗಣೇಶನ್ ಅವರ ಕಂಠವೆಂದರೆ ಇವರೇ. 1961ರ ‘ಪಾವ ಮನ್ನಿಪ್ಪು’, 1962ರ ‘ಸುಮೈತಾಂಗಿ’ ಚಿತ್ರಗಳ ಹಾಡುಗಳನ್ನು ತಮಿಳರು ಮರೆತಿಲ್ಲ. ಹಿಂದಿಯಲ್ಲಿ ಲತಾ ಮಂಗೇಶ್ಕರರೊಡನೆಯೂ ಹಾಡಿದರು. ಆದರೆ ಒಬ್ಬ ನಟನೊಡನೆ ಇಷ್ಟು ಒಂದಾದುದು ಕನ್ನಡದಲ್ಲಿ ಮಾತ್ರ. ತಾವು ಶರೀರ, ಶ್ರೀನಿವಾಸ್ ತಮ್ಮ ಶಾರೀರವೆಂದು ರಾಜಕುಮಾರ್ ಅವರೇ ಹೇಳುತ್ತಿದ್ದುದು ನಾಡಿಗೆಲ್ಲ ತಿಳಿದ ವಿಷಯ.

ಹೀಗಿರಲು 1974ನೆಯ ಇಸವಿ ಬಂತು. ಪಿ. ಬಿ. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ, ಎಮ್ಮೆಯ ಮೇಲೆ ಕುಳಿತು ಬರುವ ನಾಯಕನ ಹಾಡನ್ನು ಜಿ. ಕೆ. ವೆಂಕಟೇಶ್ ಅವರು ರಾಜಕುಮಾರರಿಂದಲೇ ಹಾಡಿಸಿದರು. ಹಾಡು ನಾಡಿನಲ್ಲೆಲ್ಲ ಹರಡಿತು. ಅದೇ ವರ್ಷ ‘ಎರಡು ಕನಸು’, ‘ಭಕ್ತ ಕುಂಬಾರ’ ಚಿತ್ರಗಳಲ್ಲಿ ಶ್ರೀನಿವಾಸ್ ತಮ್ಮ ಅತ್ಯುತ್ತಮ ಹಾಡುಗಳಲ್ಲಿ ಕೆಲವನ್ನು ಹಾಡಿದ್ದರು. ಆದರೂ ಜನರಿಗೆ ಈಗ ರಾಜಕುಮಾರರ ಸ್ವಂತ ಕಂಠ ಬೇಕೆನಿಸಿತು. ಕ್ರಮೇಣ ತಮ್ಮ ಹಾಡುಗಳನ್ನೆಲ್ಲ ಅವರೇ ಹಾಡತೊಡಗಿದರು. ಮುಂದೆ 1992ರ ‘ಜೀವನ ಚೈತ್ರ’ದ ಹಾಡಿಗಾಗಿ ಅವರಿಗೆ ಗಾಯನದ ರಾಷ್ಟ್ರಪ್ರಶಸ್ತಿಯೂ ಬಂತು. ಇತ್ತ 1967ರ ‘ನಕ್ಕರೆ ಅದೇ ಸ್ವರ್ಗ’ದಿಂದ ಕನ್ನಡಕ್ಕೆ ಬಂದಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರು ಇತರ ನಾಯಕರ ಕಂಠವಾದರು. ನಲವತ್ತನಾಲ್ಕು ವರ್ಷದ ಗಾಯಕನಿಗೆ, ಕಂಠವಿನ್ನೂ ಗಟ್ಟಿಯಾಗಿರುವಾಗಲೇ, ಕೆಲಸವು ಹೀಗೆ ಕೈಬಿಟ್ಟು ಹೋಯಿತು.

ಇದು ನ್ಯಾಯವೇ ಎಂದು ನಮ್ಮ ವಿದ್ಯಾರ್ಥಿನಿಲಯದಲ್ಲಿ ಚರ್ಚೆ ಎದ್ದಾಗ, ಒಬ್ಬ ಮಿತ್ರರು “ಸಾಲ ಕೊಟ್ಟಿದ್ದ ಕಂಠ, ಹಿಂದಿರುಗಿಸಿದರು, ಅಷ್ಟೆ” ಎಂದರು. ಮಾತು ಚುರುಕಾಗಿದೆ, ಒಪ್ಪಲಾರೆ. ಹಾಡಬಲ್ಲ ನಟನು ತಾನೇ ಹಾಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ರಾಜಕುಮಾರರ ಹಾಡೆಂದರೆ ಹೀಗಿರಬೇಕೆಂಬ ನಿರೀಕ್ಷೆಯನ್ನು ನಾಡಿನ ಕಿವಿಯಲ್ಲಿ ಬೆಳೆಸಿದವರು ಶ್ರೀನಿವಾಸ್. ಮೃದುವಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಅರ್ಥಕ್ಕೆ ತಕ್ಕಷ್ಟೇ ಭಾವವನ್ನು ಬೆರೆಸಿ ಹಾಡುವ ಆ ಮಾರ್ಗವನ್ನು ರಾಜಕುಮಾರರೂ ತಮ್ಮ ಶಾಂತವಾದ ಹಾಡುಗಳಲ್ಲಿ ಬಿಡಲಿಲ್ಲ. ಮೊದಲು ಶ್ರೀನಿವಾಸ್ ಅವರು ರಾಜಕುಮಾರರಿಗೆ ಹೊಂದುವಂತೆ ಹಾಡಿದರು. ಕೊನೆಗೆ ರಾಜಕುಮಾರರೂ ಶ್ರೀನಿವಾಸ್ ಅವರನ್ನು ಕೇಳಿದವರಂತೆಯೇ ಹಾಡಿದರು.

ಶ್ರೀನಿವಾಸ್ ಅವರಂತೂ ಈ ವಿಷಯದಲ್ಲಿ ಕಹಿಯನ್ನು ಇಟ್ಟುಕೊಳ್ಳಲಿಲ್ಲ. ರಾಜಕುಮಾರರ ಮಾತು ಬಂದಾಗಲೆಲ್ಲ ಅಭಿಮಾನದಿಂದಲೇ ಆಡಿದರು. ಬಿಡುವಾದ ಸಮಯವನ್ನು ಅಕ್ಷರಕ್ಕೆ ಕೊಟ್ಟರು. ಕವಿತೆ, ಗಜಲು, ಹೊಸ ಛಂದಸ್ಸು, ಹೀಗೆ ಬರೆದದ್ದಕ್ಕೆ ಲೆಕ್ಕವಿಲ್ಲ. ‘ನವನೀತ ಸುಮಸುಧಾ’ ಎಂಬ ರಾಗವೊಂದನ್ನೂ ಕಲ್ಪಿಸಿದರು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್‌–ಇನ್ ಹೋಟೆಲಿನಲ್ಲಿ, ತಲೆಗೆ ಟೋಪಿ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳನ್ನು ಇಟ್ಟುಕೊಂಡು, ಕಾಫಿಯ ಮುಂದೆ ಕುಳಿತು ಬರೆಯುತ್ತಿದ್ದ ಅವರನ್ನು ಅಲ್ಲಿಗೆ ಬರುತ್ತಿದ್ದವರೆಲ್ಲರೂ ಬಲ್ಲರು. 2008ರಲ್ಲಿ ಆ ಹೋಟೆಲು ಮುಚ್ಚಿತು. ಸಿನಿಮಾದ ಹೊರಗೆ ಅವರು ಹಾಡಿದ ಸ್ತೋತ್ರಗಳಲ್ಲಿ ಶಾರದಾ ಭುಜಂಗವೂ ಒಂದು. ನಮ್ಮ ಜಿಲ್ಲೆಯ ಶೃಂಗೇರಿಯ ಅಮ್ಮನವರ ಸ್ತೋತ್ರವಾದುದರಿಂದ ಈ ಭಾಗದ ಮನೆಗಳಲ್ಲಿ ಅದನ್ನು ಹೆಚ್ಚಾಗಿ ಕೇಳುವರು. ಅಲ್ಲಿ ಮಾತ್ರ ಅವರ ಕಂಠಕ್ಕೆ ಬೇರೆ ಯಾರ ಮುಖವೂ ಇಲ್ಲ.

ರಾಜಕುಮಾರ್ ಅವರು 2006ರ ಏಪ್ರಿಲ್ 12ರಂದು ತೀರಿಕೊಂಡರು. ಶ್ರೀನಿವಾಸ್ ಅವರು ಏಳು ವರ್ಷಗಳ ತರುವಾಯ, 2013ರ ಏಪ್ರಿಲ್ 14ರಂದು, ಚೆನ್ನೈನಲ್ಲಿ ಕಾಲವಾದರು. ಅವರಿಗಾಗ ಎಂಬತ್ತೆರಡು ವರ್ಷ.

ಇವರನ್ನು ಕೇಳಲು ಎಲ್ಲಿಂದ ಪ್ರಾರಂಭಿಸಬೇಕೆಂದು ಕೇಳುವ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ‘ಭಕ್ತ ಕನಕದಾಸ’ದ ಕಿಂಡಿಯ ಕೀರ್ತನೆಯನ್ನೂ ‘ನಾಂದಿ’ಯ ಮಗುವಿನ ಹಾಡನ್ನೂ ಒಂದರ ಹಿಂದೆ ಒಂದರಂತೆ, ಚಿತ್ರವನ್ನು ನೋಡದೆ, ಕಣ್ಣು ಮುಚ್ಚಿಕೊಂಡು ಕೇಳಿರಿ. ಎರಡನೆಯದನ್ನು ಕೇಳುವಾಗ ಪಲ್ಲವಿ ಮುಗಿದು ಚರಣವು ಎತ್ತಿಕೊಳ್ಳುವ ಮುನ್ನ ಅವರು ಉಸಿರನ್ನು ತೆಗೆದುಕೊಳ್ಳುವ ಕಡೆಗೆ ಸ್ವಲ್ಪ ಗಮನವಿಡಿರಿ.